ನಾಲ್ಕು ನಿಮಿಷ, ನನ್ನ ಕೈಗಡಿಯಾರದಲ್ಲಿ ಒಂಬತ್ತು

ನಿತ್ಯಾ ಎಂಬ ಹುಡುಗಿಗೆ ನನ್ನ ಕುರ್ಚಿ ಬಿಟ್ಟುಕೊಟ್ಟು ಎರಡು ವರ್ಷವಾಗುತ್ತ ಬಂತು. ಕುರ್ಚಿ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಒಂದು ಕಾಲು ಸೊಟ್ಟಗಾದ ಪ್ಲಾಸ್ಟಿಕ್ ಕುರ್ಚಿ. ಚೆನ್ನೈಯ ಎಗ್ಮೋರಿನ ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕ, ನಮ್ಮ ಬ್ಯಾಂಕಿನ ತಂಡ ಕೂರುವ ಬೆಂಚಿನ ಕೊನೆಯಲ್ಲಿ ಅದನ್ನು ಹಾಕುತ್ತಿದ್ದರು. ಅದರ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಯಾರು ಯಾವಾಗ ಆಟಕ್ಕೆ ಇಳಿದರು, ಯಾವಾಗ ಹೊರಬಂದರು, ಎಷ್ಟು ಸಲ ಚೆಂಡನ್ನು ಬುಟ್ಟಿಗೆ ಹಾಕಿದರು, ಎಷ್ಟು ಫೌಲ್ ಮಾಡಿದರು ಎಂದು ಬರೆಯುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷ ಬರೆದೆ. ಈಗ ಈ ಕೆಲಸಕ್ಕೆ ಬೇರೆ ಬೇರೆ ತಂಡಗಳಲ್ಲಿ ಹೊಸಬರು ಸೇರುತ್ತಿದ್ದಾರಂತೆ. ಅವರಿಗೆ ಓದಲು ಏನಾದರೂ ಬರೆದುಕೊಡಿ ಎಂದು ನಿತ್ಯಾ ದುಂಬಾಲು ಬಿದ್ದಿದ್ದಾಳೆ.

ಬಡ್ತಿಗಳ ವಿಷಯ ಬರೆಯುವುದಿಲ್ಲ. ಎರಡು ಬಂದವು, ಎರಡೂ ತಡವಾಗಿ ಬಂದವು. ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ. ಅವುಗಳಲ್ಲಿ ಒಂದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ನಾನು ಹುಟ್ಟಿದ್ದು ಬೆಳೆದದ್ದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಅರಸೀಕೆರೆಯ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದವರು. ಮನೆಯಲ್ಲಿ ಅರಸೀಕೆರೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದೆ. ಎತ್ತರ ಸಾಲದು ಎಂದು ಎರಡನೇ ವರ್ಷದಲ್ಲೇ ಬೆಂಚಿಗೆ ಕಳಿಸಿದ್ದರು. ಹಾಗಾಗಿ ಬೆಂಚಿನ ಅನುಭವ ಮೊದಲಿನಿಂದಲೂ ಇತ್ತು. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿದ ಮೇಲೆ, ಆಟವೂ ಗೊತ್ತು ಕೂಡುವುದು ಕಳೆಯುವುದೂ ಗೊತ್ತು ಎಂದು ನಮ್ಮ ಕೋಚ್ ದೊರೈ ಸಾರ್ ನನ್ನನ್ನು ಹಿಡಿದು ತಂದು ಆ ಕುರ್ಚಿಯಲ್ಲಿ ಕೂರಿಸಿದರು. ಮಧ್ಯಾಹ್ನದವರೆಗೆ ಟಿ. ನಗರದ ಶಾಖೆಯಲ್ಲಿ ಕೌಂಟರು, ನಾಲ್ಕು ಗಂಟೆಗೆ ಎಗ್ಮೋರಿನಲ್ಲಿ ಕೋರ್ಟು.

ಮೊದಲ ಪಂದ್ಯದಲ್ಲೇ ಮರ್ಯಾದೆ ಹೋಯಿತು. ಕೊನೆಯ ನಿಮಿಷದಲ್ಲಿ ನಮ್ಮವನೊಬ್ಬ ದೂರದಿಂದ ಚೆಂಡು ಹಾಕಿದ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಪೆನ್ಸಿಲ್ ಎಲ್ಲಿ ಹೋಯಿತೋ, ಮುಂದಿನ ಮೂರು ಬುಟ್ಟಿ ಯಾರದೆಂದು ಇವತ್ತಿಗೂ ಗೊತ್ತಿಲ್ಲ. ದೊರೈ ಸಾರ್ ಬೈಯಲಿಲ್ಲ. ಮರುದಿನ ಪೆನ್ಸಿಲಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನನ್ನ ಕೈಬಳೆಗೆ ಕಟ್ಟಿದರು. ತಂಡದವರೆಲ್ಲ ನೋಡುತ್ತಿದ್ದರು. ಆಮೇಲೆ ನಾನು ಚಪ್ಪಾಳೆ ತಟ್ಟಿದ್ದು ನಿವೃತ್ತಿಯಾದ ಮೇಲೆಯೇ.

ಇನ್ನೊಂದು ಮಳೆಗಾಲದ್ದು. ಚೆನ್ನೈಯಲ್ಲಿ ಐಪ್ಪಸಿ, ಅಂದರೆ ಅಕ್ಟೋಬರ್ ನವೆಂಬರಿನ ಮಳೆ ಶುರುವಾದರೆ ಒಗೆದ ಬಟ್ಟೆ ಒಣಗುವುದಿಲ್ಲ. ನಮ್ಮಲ್ಲೊಬ್ಬ ತನ್ನ ಅಂಗಿ ಹಸಿಯಾಗಿದೆ ಎಂದು ಆ ದಿನ ರಜೆಯಲ್ಲಿದ್ದವನ ಅಂಗಿ ಹಾಕಿಕೊಂಡು ಆಡಿದ. ನಾನು ಬೆನ್ನಿನ ನಂಬರ್ ನೋಡಿ ಬರೆದೆ. ಸಂಜೆ ಆ ದಿನದ ಉತ್ತಮ ಆಟಗಾರ ಎಂದು ಕೂಗಿದ ಹೆಸರಿನವನು ಮನೆಯಲ್ಲಿ ಜ್ವರ ಬಂದು ಮಲಗಿದ್ದ. ಅದಾದ ಮೇಲೆ ದೊರೈ ಸಾರ್ ಒಂದು ಮಾತು ಹೇಳಿಕೊಟ್ಟರು. ನಂಬರ್ ನೋಡಬೇಡಿ ಮ್ಯಾಡಂ, ನಡಿಗೆ ನೋಡಿ ಅಂತ. ನಿಜವಾಗಿ ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಆ ಒಂದು ಮಾತು. ಅದನ್ನೇ ಒಂದು ಸಲ ಮರೆತೆ.

ತಂಡದ ಮೇಲೆ ಬ್ಯಾಂಕಿನ ಒಬ್ಬ ಕ್ರೀಡಾ ಅಧಿಕಾರಿ ಇರುತ್ತಿದ್ದರು. ಆ ಹುದ್ದೆಗೆ ಯಾರನ್ನು ಹಾಕುತ್ತಿದ್ದರು ಎಂದು ಕೇಳಬೇಡಿ. ಬೇರೆ ಕಡೆ ಹಾಕಲು ಆಗದವರನ್ನು ಹಾಕುತ್ತಿದ್ದರು. ಒಬ್ಬರು ಪಂದ್ಯಕ್ಕೆ ಅರ್ಧ ಗಂಟೆ ತಡವಾಗಿ ಬಂದು, ಇದು ಕ್ರಿಕೆಟ್ ಎಂಬಂತೆ, ಟಾಸ್ ಯಾರು ಗೆದ್ದರು ಎಂದು ವಿಚಾರಿಸಿದರು. ಇನ್ನೊಬ್ಬರಿಗೆ ನನ್ನ ಚಾರ್ಟುಗಳ ಮೇಲೆ ಅಪಾರ ಗೌರವ. ಪ್ರತಿ ವರ್ಷದ್ದನ್ನೂ ಕೆಂಪು ರಟ್ಟು ಹಾಕಿ ಬೈಂಡ್ ಮಾಡಿಸಿ ಬೀರುವಿನಲ್ಲಿ ಬೀಗ ಹಾಕಿಡುತ್ತಿದ್ದರು. ಒಂದನ್ನೂ ತೆರೆದು ನೋಡಲಿಲ್ಲ. ಇವರೆಲ್ಲ ಒಳ್ಳೆಯವರು. ಓದದ ಅಧಿಕಾರಿಯಷ್ಟು ಸುಖ ಬರೆಯುವವರಿಗೆ ಇನ್ನಾರಿಂದಲೂ ಇಲ್ಲ. ಕೊನೆಗೆ ಬಂದವರು ರಂಗಸ್ವಾಮಿಯವರು. ಮಂಡ್ಯದ ಕಡೆಯವರು, ಚೆನ್ನೈಗೆ ಹೊಸಬರು. ಅವರು ಓದುತ್ತಿದ್ದರು.

ಅವರು ಬರುವ ಹೊತ್ತಿಗೆ ಮುಖ್ಯ ಕಚೇರಿಯಿಂದ ಒಂದು ಹೊಸ ನಿಯಮ ಬಂದಿತ್ತು. ಇದನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ನಮ್ಮ ಆಟಗಾರರು ಬ್ಯಾಂಕಿನ ನೌಕರರೇ. ತಂಡದ ಪಟ್ಟಿಯಲ್ಲಿ ಹೆಸರು ಇರುವವರೆಗೆ ಅರ್ಧ ದಿನ ಕೆಲಸ, ಅರ್ಧ ದಿನ ಅಭ್ಯಾಸ, ಮತ್ತು ಊರು ಬಿಟ್ಟು ವರ್ಗಾವಣೆ ಇಲ್ಲ. ಹೆಸರು ಹೋಯಿತೋ, ದೇಶದ ಯಾವ ಮೂಲೆಗೆ ಬೇಕಾದರೂ ಹಾಕಬಹುದು. ವಯಸ್ಸಾದವರು ಪಟ್ಟಿಯಲ್ಲಿ ಸುಮ್ಮನೆ ಅಡಗಿ ಕೂರಬಾರದು ಎಂದು ಹೊಸ ನಿಯಮ ತಂದರು: ಇಡೀ ಸೀಸನ್ನಿನಲ್ಲಿ ಪಂದ್ಯಕ್ಕೆ ಸರಾಸರಿ ಐದು ನಿಮಿಷವಾದರೂ ಆಡಿದವನ ಹೆಸರು ಮಾತ್ರ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಅಲ್ಲಿಯವರೆಗೆ ಯಾರು ಎಷ್ಟು ನಿಮಿಷ ಆಡಿದರು ಎಂದು ಯಾರಿಗೂ ಬೇಕಿರಲಿಲ್ಲ. ಈಗ ನಾನು ನಿಮಿಷ ಬರೆಯಬೇಕಾಯಿತು.

ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಹತ್ತು ನಿಮಿಷದ ನಾಲ್ಕು ಭಾಗ. ಆದರೆ ರೆಫರಿ ಸೀಟಿ ಊದಿದಾಗಲೆಲ್ಲ ಆಟದ ಗಡಿಯಾರ ನಿಲ್ಲುತ್ತದೆ, ಆದ್ದರಿಂದ ಒಂದು ಭಾಗ ಮುಗಿಯಲು ನಿಜದಲ್ಲಿ ಇಪ್ಪತ್ತು ನಿಮಿಷದ ಮೇಲೆ ಹಿಡಿಯುತ್ತದೆ. ಎಗ್ಮೋರಿನ ಕೋರ್ಟಿನಲ್ಲಿ ಆಟದ ಗಡಿಯಾರದ ಬೋರ್ಡು ಪಡುವಣಕ್ಕೆ ಮುಖ ಮಾಡಿತ್ತು. ನಾಲ್ಕು ಗಂಟೆಯ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದು ನನ್ನ ಕುರ್ಚಿಯಿಂದ ಅಂಕೆಗಳು ಕಾಣುತ್ತಿರಲಿಲ್ಲ. ನಾನು ಕೈಗಡಿಯಾರ ನೋಡಿ ಬರೆಯಲು ಶುರು ಮಾಡಿದೆ. ಆಮೇಲೆ ಪಾಲು ಹಾಕುತ್ತಿದ್ದೆ. ಆ ಭಾಗ ಇಪ್ಪತ್ತೆರಡು ನಿಮಿಷ ಹಿಡಿದಿದ್ದರೆ, ಇಪ್ಪತ್ತೆರಡಕ್ಕೆ ಹತ್ತು. ಹನ್ನೊಂದು ನಿಮಿಷ ಒಳಗಿದ್ದವನಿಗೆ ಐದು. ಹೀಗೆ ಎಲ್ಲರದೂ ಕೂಡಿದರೆ, ಐದು ಜನಕ್ಕೆ ನಲವತ್ತರಂತೆ ಇನ್ನೂರು ನಿಮಿಷ ಬರಬೇಕು. ಪ್ರತಿ ಪಂದ್ಯದಲ್ಲೂ ಇನ್ನೂರು ಬಂತು. ಬ್ಯಾಂಕಿನವಳು ನಾನು. ಮೊತ್ತ ತಾಳೆಯಾದರೆ ಮನೆಗೆ ಹೋಗಬಹುದು ಎಂಬುದು ನನ್ನ ಮೂಳೆಯಲ್ಲೇ ಇತ್ತು. ದಿನದ ಕೊನೆಗೆ ತಾಳೆಯಾಗದಿದ್ದರೆ ಇಡೀ ಶಾಖೆ ಕೂತು ಹುಡುಕುತ್ತೇವೆ. ತಾಳೆಯಾದರೆ ಯಾರೂ ಯಾವುದನ್ನೂ ಮತ್ತೆ ನೋಡುವುದಿಲ್ಲ.

ಇನ್ನು ಭಾಸ್ಕರ್. ಅವನ ಅಜ್ಜ ಕರ್ನಾಟಕದಿಂದ ಇಲ್ಲಿಯ ಕ್ರೋಂಪೇಟೆಯ ಚರ್ಮದ ಕಾರ್ಖಾನೆಗೆ ಕೆಲಸಕ್ಕೆ ಬಂದು ಅಲ್ಲೇ ನಿಂತವರು. ಮೂರು ತಲೆಮಾರಾದ ಮೇಲೆ ಅವನ ಕನ್ನಡದಲ್ಲಿ ಅರ್ಧ ತಮಿಳು, ಅವನ ಮಗಳದ್ದು ಪೂರ್ತಿ ತಮಿಳು. ತಂಡದಲ್ಲಿ ಎಲ್ಲರೂ ನನ್ನನ್ನು ಮ್ಯಾಡಂ ಎಂದರೆ ಇವನೊಬ್ಬ ಪದ್ಮಕ್ಕಾ ಎನ್ನುತ್ತಿದ್ದ. ಮೂವತ್ತೆಂಟು ವರ್ಷ, ಎಡ ಮೊಣಕಾಲಿಗೆ ಸದಾ ಕಪ್ಪು ಪಟ್ಟಿ. ಹದಿನಾರು ವರ್ಷದಿಂದ ತಂಡದಲ್ಲಿದ್ದ, ಅದರಲ್ಲಿ ಹದಿಮೂರು ವರ್ಷ ಬೆಂಚಿನ ಮೇಲೆ. ಸೆಂಟರ್ ಜಾಗದಲ್ಲಿ ಆಡುತ್ತಿದ್ದವನು ಅರವಿಂದ ಎಂಬ ಎತ್ತರದ ಹುಡುಗ. ಅವನು ಫೌಲ್ ಮಾಡಿಕೊಂಡು ಪಂದ್ಯದಿಂದಲೇ ಹೊರಬೀಳುವ ಅಪಾಯ ಬಂದಾಗ ದೊರೈ ಸಾರ್ ಭಾಸ್ಕರನನ್ನು ಇಳಿಸುತ್ತಿದ್ದರು. ಎರಡನೆಯ ಮತ್ತು ನಾಲ್ಕನೆಯ ಭಾಗದಲ್ಲಿ ಕೊನೆಯ ಎರಡೆರಡು ನಿಮಿಷ. ಇಳಿದು ಅವನು ಮಾಡುತ್ತಿದ್ದುದು, ಎದುರಾಳಿಯ ದೊಡ್ಡ ಆಳನ್ನು ತಡೆಯುವುದು, ಬೇಕಾದ ಕಡೆ ಒಂದು ಫೌಲ್ ಮಾಡುವುದು, ತನ್ನ ಮೇಲೆ ಫೌಲ್ ಮಾಡಿಸಿಕೊಂಡು ಫ್ರೀ ಥ್ರೋ ಹಾಕುವುದು. ಇವೆಲ್ಲಕ್ಕೂ ಸೀಟಿ ಬೀಳುತ್ತದೆ. ಅಂದರೆ ಆಟದ ಗಡಿಯಾರ ನಿಲ್ಲಿಸುವುದೇ ಅವನ ಕಸುಬು.

ಇಷ್ಟು ಬರೆದ ಮೇಲೆ ನೀವೆಲ್ಲ ನನ್ನ ತಪ್ಪನ್ನು ಕಂಡುಹಿಡಿದಿರುತ್ತೀರಿ. ನನಗೆ ಎರಡು ವರ್ಷ ಬೇಕಾಯಿತು.

ಆ ಎರಡು ವರ್ಷದಿಂದ ಇನ್ನೊಂದು ಅಭ್ಯಾಸವೂ ಶುರುವಾಗಿತ್ತು. ಪೊಂಗಲ್ ಹಬ್ಬದ ಮುಂಚೆ ಭಾಸ್ಕರ್ ಕೋಯಂಬೇಡಿನ ಮಾರ್ಕೆಟ್ಟಿಗೆ ಹೋಗಿ ಒಂದು ಚೀಲ ಅವರೆಕಾಯಿ ತಂದುಕೊಡುತ್ತಿದ್ದ. ಚೆನ್ನೈಯಲ್ಲಿ ಸೊಗಡಿರುವ ಅವರೆ ಸಿಗುವುದು ಎಷ್ಟು ಕಷ್ಟ ಎಂದು ಇಲ್ಲಿಯ ಕನ್ನಡದವರಿಗೆ ಗೊತ್ತು. ಹುಡುಗನಿಗೆ ನನ್ನ ಮೇಲೆ ಅಕ್ಕರೆ ಎಂದುಕೊಂಡು, ಹಿತಕಿದ ಬೇಳೆ ಹುಳಿ ಮಾಡಿ ಉಂಡೆ.

ರಂಗಸ್ವಾಮಿಯವರು ಬಂದ ಮೇಲೆ ಪ್ರತಿ ಸೋಮವಾರ ಟಿ. ನಗರದ ಶಾಖೆಯ ಮಹಡಿಯಲ್ಲಿ ಸಭೆ. ಕೆಳಗೆ ಸೀರೆ ಅಂಗಡಿಯವರ ಮೈಕು, ಮೇಲೆ ನಾವು ಮೂವರು. ವಿಷಯ ಯಾವಾಗಲೂ ಒಂದೇ: ಭಾಸ್ಕರನ ಒಂಬತ್ತು ನಿಮಿಷ. ನನ್ನ ಚಾರ್ಟಿನ ಪ್ರಕಾರ ಅವನು ಪಂದ್ಯಕ್ಕೆ ಒಂಬತ್ತು ನಿಮಿಷ ಆಡುತ್ತಿದ್ದ.

"ಏನ್ ಮೇಡಂ ಇದು? ಒಂಬತ್ ನಿಮ್ಸ ಆಡವ್ನೆ, ಎರಡೇ ಎರಡು ಪಾಯಿಂಟ್ ತಂದವ್ನೆ, ಮೂರು ಫೌಲು. ಇದುಕ್ಕೆ ಒಬ್ಬ ಆಳನ್ನ ಸಾಕ್ಬೇಕಾ? ಆ ಹೊತ್ನಲ್ಲಿ ಅರವಿಂದ ಇದ್ದಿದ್ರೆ ಆರ್ ಪಾಯಿಂಟ್ ತರ್ತಿದ್ದ."

ದೊರೈ ಸಾರ್‌ಗೂ ರಂಗಸ್ವಾಮಿಯವರಿಗೂ ಇಂಗ್ಲಿಷ್ ಬರುತ್ತಿತ್ತು. ಆದರೆ ಸಿಟ್ಟು ಏರಿದ ಹಾಗೆ ಒಬ್ಬರು ತಮಿಳಿಗೆ, ಒಬ್ಬರು ಕನ್ನಡಕ್ಕೆ ಇಳಿಯುತ್ತಿದ್ದರು, ಮತ್ತು ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

"ಆಟಮೇ ತೆರಿಯಾದವನ್‌ಕಿಟ್ಟ ಎನ್ನ ಪೇಸ್ರದು, ಮ್ಯಾಡಂ?" ಎಂದರು ದೊರೈ ಸಾರ್. ಆಟವೇ ಗೊತ್ತಿಲ್ಲದವನ ಹತ್ತಿರ ಏನು ಮಾತಾಡುವುದು ಎಂದು ಅದರ ಅರ್ಥ.

"ಕೋಚ್ ಇದರ ಬಗ್ಗೆ ಇನ್ನೂ ವಿವರವಾಗಿ ಮಾತಾಡೋಣ ಅಂತಿದಾರೆ ಸಾರ್," ಎಂದೆ ನಾನು.

"ವಿವರ ಏನ್ ಬಂತು? ಮುದುಕ್ರನ್ನ ಕಟ್ಕಂಡು ಆಟ ಆಡಿಸ್ತಾರಂತೆ, ನಾಚ್ಕೆ ಆಗಾಕಿಲ್ವಾ ಅಂತ ಕೇಳಿ."

ಅದನ್ನು ನಾನು ತಮಿಳಿಗೆ ತಂದಾಗ, ಭಾಸ್ಕರನ ಆರೋಗ್ಯದ ಬಗ್ಗೆ ಸಾಹೇಬರಿಗೆ ಚಿಂತೆಯಾಗಿದೆ ಎಂದಾಗಿತ್ತು. ಇಬ್ಬರ ಬೈಗುಳವನ್ನೂ ಹೀಗೆ ಸೋಸಿ ಸೋಸಿ ಕೊಟ್ಟೆ. ಇವರ ನಡುವೆ ನಾನಿಲ್ಲದಿದ್ದರೆ ತಂಡವೇ ಒಡೆಯುತ್ತಿತ್ತು ಎಂದು ನನಗೆ ಒಳಗೊಳಗೇ ಹೆಮ್ಮೆ. ಅವರು ಜಗಳವಾಡುತ್ತಿದ್ದುದೇ ನನ್ನ ಅಂಕೆಯ ಮೇಲೆ ಎಂಬುದು ಹೊಳೆಯಲಿಲ್ಲ.

ಸೀಸನ್ನಿನ ಅರ್ಧಕ್ಕೆ, ಹನ್ನೆರಡು ಪಂದ್ಯ ಮುಗಿದಾಗ, ರಂಗಸ್ವಾಮಿಯವರು ಲಿಖಿತ ಆದೇಶ ಹೊರಡಿಸಿದರು. ಮೂವತ್ತೈದು ದಾಟಿದ ಆಟಗಾರರಿಗೆ ಪಂದ್ಯವೊಂದಕ್ಕೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ಅವಕಾಶ ಕೊಡತಕ್ಕದ್ದಲ್ಲ. ದೊರೈ ಸಾರ್ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ನನ್ನ ಚಾರ್ಟು ನೋಡಿ, ಎರಡು ಸಲ ಇಳಿಸಿದರೆ ಒಂಬತ್ತು ಆಗುತ್ತದೆ, ಒಂದೇ ಸಲ ಇಳಿಸಿದರೆ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದರು. ಅಂದಿನಿಂದ ಭಾಸ್ಕರ್ ನಾಲ್ಕನೆಯ ಭಾಗದಲ್ಲಿ ಮಾತ್ರ ಇಳಿದ. ನಾನು ನಾಲ್ಕೂವರೆ ಎಂದು ಬರೆದೆ. ಆ ಅರ್ಧ ನಿಮಿಷ ಎಲ್ಲಿಂದ ಬಂತು ಎಂದು ರಂಗಸ್ವಾಮಿಯವರು ದೊರೈ ಸಾರ್‌ಗೆ ಮೆಮೊ ಕೊಟ್ಟರು.

ಫೆಬ್ರವರಿಯಲ್ಲಿ ನಿತ್ಯಾ ಬಂದಳು. ಮೈಸೂರಿನ ಹುಡುಗಿ, ಮಾರ್ಚಿನಲ್ಲಿ ನಾನು ನಿವೃತ್ತಿಯಾದ ಮೇಲೆ ನನ್ನ ಕೆಲಸ ಅವಳದು. ನನ್ನ ಪಕ್ಕ ಕೂತು ಮೂರು ಪಂದ್ಯಗಳನ್ನು ಟ್ಯಾಬ್ಲೆಟ್ಟಿನಲ್ಲಿ ವಿಡಿಯೊ ಮಾಡಿಕೊಂಡಳು. ಅವಳ ಯಂತ್ರ ಸೀಟಿ ಬಿದ್ದಾಗ ನಿಲ್ಲುತ್ತಿತ್ತು, ಆಟ ಶುರುವಾದಾಗ ಓಡುತ್ತಿತ್ತು. ಒಂದು ಬೆಳಿಗ್ಗೆ ಶಾಖೆಯ ಊಟದ ಕೋಣೆಗೆ ಬಂದು, ಏನೋ ಕದ್ದವಳ ಹಾಗೆ ನಿಂತಳು.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಟೋಟಲ್ ಎಲ್ಲಾ ಸರಿ ಇದೆ. ಇನ್ನೂರಕ್ಕೆ ಇನ್ನೂರು."

"ಹೂಂ, ಮತ್ತೆ?"

"ಭಾಸ್ಕರ್ ಅಂಕಲ್‌ದು ಮಾತ್ರ ಬೇರೆ ಬರ್ತಿದೆ. ಅವರು ಆಡ್ತಿರೋದು ಎರಡೇ ನಿಮಿಷ."

ನಾನು ಅವಳ ಯಂತ್ರ ಕೆಟ್ಟಿದೆ ಎಂದೆ. ಅವಳು ವಿಡಿಯೊ ತೋರಿಸಿದಳು. ಭಾಗದ ಮೊದಲ ಎಂಟು ನಿಮಿಷದ ಆಟ ನನ್ನ ಕೈಗಡಿಯಾರದಲ್ಲಿ ಹನ್ನೆರಡು ನಿಮಿಷಕ್ಕೆ ಮುಗಿದುಹೋಗಿತ್ತು. ಕೊನೆಯ ಎರಡು ನಿಮಿಷಕ್ಕೆ ಹತ್ತು ನಿಮಿಷ ಹಿಡಿದಿತ್ತು. ಸೀಟಿ, ಫ್ರೀ ಥ್ರೋ, ಟೈಮ್ ಔಟ್, ಮತ್ತೆ ಸೀಟಿ. ಆ ಹತ್ತು ನಿಮಿಷದಲ್ಲಿ ಹೆಚ್ಚಿನ ಹೊತ್ತು ಭಾಸ್ಕರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ನಾನು ನಿಂತದ್ದನ್ನೂ ಓಡಿದ್ದನ್ನೂ ಒಂದೇ ತಕ್ಕಡಿಗೆ ಹಾಕಿ ಪಾಲು ಮಾಡಿ, ಎರಡನ್ನು ನಾಲ್ಕೂವರೆ ಮಾಡಿದ್ದೆ. ಹೆಚ್ಚಾದ ಎರಡೂವರೆ ಅರವಿಂದನ ಪಾಲಿನಿಂದ ಕಡಿಮೆಯಾಗಿತ್ತು. ಅದಕ್ಕೇ ಮೊತ್ತ ಇನ್ನೂರು.

ಎರಡು ವರ್ಷ ಭಾಸ್ಕರ್ ಪಂದ್ಯಕ್ಕೆ ಆಡಿದ್ದು ನಾಲ್ಕೇ ನಿಮಿಷ. ಅವನಿಗೆ ನಾಲ್ಕು ನಿಮಿಷ ಸಾಕೋ ಸಾಲದೋ ಎಂದು ಇಬ್ಬರು ಹಿರಿಯರು ಅರ್ಧ ವರ್ಷ ಸೋಮವಾರ ಸೋಮವಾರ ಕಿತ್ತಾಡಿದ್ದರು. ಆದೇಶ ಬರುವ ಮುಂಚೆಯೇ ಅವನು ಆದೇಶವನ್ನು ಕರಾರುವಾಕ್ಕಾಗಿ ಪಾಲಿಸುತ್ತಿದ್ದ. ಆದೇಶ ಬಂದ ಮೇಲೆ ಎರಡಕ್ಕೆ ಇಳಿದಿದ್ದ. ನಾಲ್ಕು ನಿಮಿಷದಲ್ಲಿ ಎರಡು ಪಾಯಿಂಟು ತಂದು, ಎದುರಾಳಿಯನ್ನು ತಡೆದು, ಅರವಿಂದನನ್ನು ಉಳಿಸಿಕೊಟ್ಟವನನ್ನು ರಂಗಸ್ವಾಮಿಯವರು ಮುದುಕ ಅಂದಿದ್ದರು, ಅದನ್ನು ನಾನು ತಮಿಳಿಗೆ ಸೋಸಿ ಕೊಟ್ಟಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ಹೋಗಿ ಅವನ ಕ್ಷಮೆ ಕೇಳಿ ಚಾರ್ಟು ತಿದ್ದಬಹುದಿತ್ತು. ಆದರೆ ನಿತ್ಯಾ ಅದೇ ಲೆಕ್ಕ ಹಿಡಿದು ಇಡೀ ಸೀಸನ್ನಿನ ಸರಾಸರಿಯನ್ನೂ ಹಾಕಿಟ್ಟಿದ್ದಳು. ನನ್ನ ತಪ್ಪು ಚಾರ್ಟಿನ ಪ್ರಕಾರ ಈ ಸೀಸನ್ನಿನಲ್ಲಿ ಅವನ ಸರಾಸರಿ ಆರೂಮುಕ್ಕಾಲು ನಿಮಿಷ. ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ಸರಿಯಾದ ಚಾರ್ಟಿನ ಪ್ರಕಾರ ಮೂರು. ಐದಕ್ಕಿಂತ ಕಡಿಮೆ. ಹೆಸರು ಹೋಗುತ್ತದೆ, ಜೂನ್‌ನಲ್ಲಿ ವರ್ಗಾವಣೆ. ಅವನ ಹೆಂಡತಿ ಕ್ರೋಂಪೇಟೆಯ ಆಸ್ಪತ್ರೆಯಲ್ಲಿ ನರ್ಸು. ಮಗಳಿಗೆ ಮುಂದಿನ ವರ್ಷ ಹತ್ತನೇ ತರಗತಿ. ಆ ಒಂದು ವರ್ಷ ಊರಲ್ಲಿದ್ದರೆ ಸಾಕು ಎಂದು ಅವನು ಹೇಳುತ್ತಲೇ ಇರುತ್ತಿದ್ದ.

ಆ ಮಧ್ಯಾಹ್ನ ಅಭ್ಯಾಸಕ್ಕೆ ಮುಂಚೆ ಕೋರ್ಟಿನ ಹೊರಗಿನ ಚಹಾ ಅಂಗಡಿಗೆ ಅವನನ್ನು ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಪಾಲು ಹಾಕಿದ್ದು, ತಾಳೆಯಾಗಿದ್ದು, ಎಲ್ಲ. ಅವನು ಮೊಣಕಾಲಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತ ಕೇಳಿಸಿಕೊಂಡ. ಮುಗಿದ ಮೇಲೆ ನನ್ನ ಮುಖ ನೋಡಿದ.

"ಅಕ್ಕಾ, ಸತ್ಯಮಾ ನಿಮಗೆ ಗೊತ್ತಿರ್ಲಿಲ್ವಾ?"

"ನಿನಗೆ ಗೊತ್ತಿತ್ತೇನೋ?"

"ನಾನು ಆಡೋ ನಿಮಿಷ ನನಗೆ ಗೊತ್ತಿರಲ್ವಾ ಅಕ್ಕಾ? ಒಳಗೆ ಹೋಗೋವಾಗ ಗಡಿಯಾರ ನೋಡ್ತೀನಿ, ಬರೋವಾಗ ನೋಡ್ತೀನಿ. ನಾಲ್ಕು ಅಂದ್ರೆ ನಾಲ್ಕೇ. ನೋಟಿಸ್ ಬೋರ್ಡಲ್ಲಿ ನಿಮ್ಮ ಚಾರ್ಟ್ ನೋಡ್ದೆ, ಒಂಬತ್ತು ಇತ್ತು. ಐದು ನಿಮಿಷ ರೂಲ್ ಬಂತಲ್ಲ, ಅದಕ್ಕೆ ಅಕ್ಕ ನನಗೋಸ್ಕರ ಬೇಕೂಂತ್ಲೇ ಹಾಕ್ತಿದಾರೆ ಅಂದ್ಕೊಂಡೆ. ಇದನ್ನೆಲ್ಲ ಬಾಯಿಬಿಟ್ಟು ಕೇಳೋಕಾಗುತ್ತಾ? ಅದಕ್ಕೆ ಸುಮ್ಮನಿದ್ದೆ."

ಅವರೆಕಾಯಿಯ ಚೀಲ ಆಗ ಅರ್ಥವಾಯಿತು.

ಇದನ್ನು ಹೇಗೆ ಬರೆಯಲಿ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಅಂಕೆಯನ್ನೂ ಯಾರ ಮುಖ ನೋಡಿಯೂ ಬದಲಾಯಿಸಿದವಳಲ್ಲ ನಾನು. ಆ ಮನುಷ್ಯ ಎರಡು ವರ್ಷ ನನ್ನನ್ನು ದಯೆಯುಳ್ಳ ಕಳ್ಳಿ ಎಂದು ನಂಬಿ, ಹಬ್ಬಕ್ಕೆ ಕಾಣಿಕೆ ತಂದುಕೊಟ್ಟಿದ್ದ. ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಯಾಕೆಂದರೆ ಅವನು ಅಂದುಕೊಂಡಷ್ಟು ಒಳ್ಳೆಯವಳೂ ನಾನಾಗಿರಲಿಲ್ಲ. ಅವನ ಮಗಳ ಹತ್ತನೇ ತರಗತಿಯ ವಿಷಯ ಗೊತ್ತಿದ್ದೂ ಅವನಿಗಾಗಿ ಏನಾದರೂ ಮಾಡಬೇಕೆಂದು ಒಂದು ದಿನವೂ ನನಗೆ ಅನಿಸಿರಲಿಲ್ಲ. ನಾನು ಬರೀ ತಾಳೆ ನೋಡುತ್ತಿದ್ದೆ.

"ಈಗ ಏನು ಮಾಡ್ತೀರಿ ಅಕ್ಕಾ?" ಎಂದ.

"ಗೊತ್ತಾದ ಮೇಲೆ ಸುಳ್ಳು ಚಾರ್ಟಿಗೆ ಸೈನ್ ಹಾಕೋಕೆ ಆಗಲ್ಲ ಭಾಸ್ಕರಾ. ಗೊತ್ತಿಲ್ಲದೇ ಇದ್ದಿದ್ರೆ ಹಾಕ್ತಿದ್ದೆ."

ಅವನು ಚಹಾದ ಲೋಟ ಇಟ್ಟ. "ಸರಿ ಅಕ್ಕಾ," ಎಂದು ಎದ್ದು ಅಭ್ಯಾಸಕ್ಕೆ ಹೋದ. ಬೈದಿದ್ದರೆ ಹಗುರಾಗುತ್ತಿತ್ತು.

ನಿತ್ಯಾ ಹಳೆಯ ಪಂದ್ಯಗಳ ವಿಡಿಯೊಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದಳು. ಇಬ್ಬರೂ ಕೂತು ಎರಡು ವರ್ಷದ ಚಾರ್ಟು ತಿದ್ದಿದೆವು. ಮುಂದಿನ ಸೋಮವಾರ ಮಹಡಿಯ ಮೇಲೆ ರಂಗಸ್ವಾಮಿಯವರ ಮುಂದೆ ಇಟ್ಟು, ತಪ್ಪು ನನ್ನದು ಎಂದು ಬರೆದ ಕಾಗದವನ್ನೂ ಜೊತೆಗಿಟ್ಟೆ. ಭಾಸ್ಕರನ ನಾಲ್ಕು ನಿಮಿಷದಲ್ಲಿ ತಂಡಕ್ಕೆ ಏನೇನು ದಕ್ಕಿತ್ತು ಎಂದು ಬೇರೆ ಪುಟದಲ್ಲಿ ಬರೆದಿದ್ದೆ. ಅದನ್ನಾದರೂ ಓದಲಿ ಎಂದು ಆಸೆ. ದೊರೈ ಸಾರ್ ಮೊದಲು ಓದಿ ತಲೆಯ ಮೇಲೆ ಕೈಹೊತ್ತು ಕೂತರು. ಅರ್ಧ ಸೀಸನ್ ತಾವೇ ಅವನನ್ನು ಎರಡು ನಿಮಿಷಕ್ಕೆ ಇಳಿಸಿದ್ದು ಅವರಿಗೆ ಆಗ ಗೊತ್ತಾಗಿತ್ತು.

ರಂಗಸ್ವಾಮಿಯವರು ನಿಧಾನವಾಗಿ ಓದಿದರು. ಓದುವ ಅಧಿಕಾರಿ, ಹೇಳಿದೆನಲ್ಲ.

"ಇದು ಇನ್ನೂರಕ್ಕೆ ತಾಳೆ ಆಯ್ತದಾ ಮೇಡಂ?"

"ಆಗುತ್ತೆ ಸಾರ್."

"ಹಳೇದೂ ಆಗಿತ್ತಲ್ಲ?"

"ಅದೂ ಆಗಿತ್ತು. ಆದರೆ ಅದು ತಪ್ಪು."

"ಹಳೇದನ್ನ ನಾನ್ ಸೈನ್ ಹಾಕಿ ಹೆಡ್ ಆಫೀಸ್‌ಗೆ ಕಳ್ಸಿವ್ನಿ. ಅದರ ಮ್ಯಾಲೇ ಆರ್ಡರ್ ಮಾಡಿವ್ನಿ, ಮೆಮೊ ಕೊಟ್ಟಿವ್ನಿ. ಈಗ ನಾಲ್ಕ್ ನಿಮಿಷ ಆಡ್ತಿದ್ದವನಿಗೇ ನಾಲ್ಕ್ ನಿಮಿಷ ಮಾಡಿ ಅಂತ ಆರ್ಡರ್ ಹಾಕವ್ನೆ ಅಂತ ಹೇಳುಸ್ಕಬೇಕಾ ನಾನು?" ಕನ್ನಡಕ ತೆಗೆದು ಒರೆಸಿದರು. "ಮೊತ್ತ ತಾಳೆ ಆಗೈತೆ. ತಾಳೆ ಆಗಿರದನ್ನ ಯಾಕ್ ಕೆದಕ್ತೀರಿ? ಈ ಕಾಗ್ದನ ನೀವು ತಂದೂ ಇಲ್ಲ, ನಾನ್ ನೋಡೂ ಇಲ್ಲ."

"ಸಾರ್, ನನ್ನ ಸಹಿ ಇದೆ ಇದರಲ್ಲಿ."

"ಮುಂದ್ಲ ತಿಂಗ್ಳು ರಿಟೈರ್ ಆಯ್ತಿದ್ದೀರಿ. ಸುಖವಾಗಿ ಹೋಗಿ ಮೇಡಂ."

ಎನ್ನ ಸೊಲ್ರಾರು, ಏನು ಹೇಳುತ್ತಿದ್ದಾರೆ, ಎಂದು ದೊರೈ ಸಾರ್ ಕೇಳಿದರು. ಜೀವನದಲ್ಲಿ ಮೊದಲ ಸಲ ಏನೂ ಸೋಸದೆ ಹೇಳಿದೆ. ದೊರೈ ಸಾರ್ ಬಹಳ ಹೊತ್ತು ನಕ್ಕರು. ಭಾಸ್ಕರನನ್ನು ಓಡಿಸಲು ಇಡೀ ವರ್ಷ ಹೋರಾಡಿದ ಮನುಷ್ಯ, ತನ್ನ ಸಹಿ ಉಳಿಸಿಕೊಳ್ಳಲು ಅವನನ್ನೇ ಉಳಿಸಿದ್ದ. ಪಟ್ಟಿಯಲ್ಲಿ ಆರೂಮುಕ್ಕಾಲು ನಿಮಿಷದ ಎದುರು ಭಾಸ್ಕರನ ಹೆಸರು ಭದ್ರವಾಗಿ ಕೂತಿತು.

ಸತ್ಯ ಹೇಳಿದೆ ಎಂಬ ಸಮಾಧಾನ ನನಗಿತ್ತು. ಅದು ನಡೆಯಲಿಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು. ಇದನ್ನು ಹೊಸಬರಿಗೆ ಪಾಠವೆಂದು ಹೇಳಲಾರೆ, ಆದರೆ ಇದ್ದದ್ದು ಹಾಗೆ.

ಭಾಸ್ಕರನಿಗೆ ನಡೆದದ್ದನ್ನೆಲ್ಲ ಹೇಳಿ, ನೋಡು, ನಾನು ನಿನ್ನನ್ನು ಉಳಿಸಿಲ್ಲ, ತೆಗೆಯುವುದಕ್ಕೇ ಕಾಗದ ಕೊಟ್ಟಿದ್ದೆ ಎಂದೆ. ಅವನು ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

"ಸರಿ ಅಕ್ಕಾ. ಯಾರ ಹತ್ರನೂ ಹೇಳಲ್ಲ."

ಎಷ್ಟು ಆಣೆ ಇಟ್ಟು ಹೇಳಿದರೂ ಅವನು ನಂಬದೆ ತಲೆಯಾಡಿಸಿ ನಕ್ಕ. ಮಾರ್ಚಿನ ಕೊನೆಗೆ ನನಗೆ ಹಾರ ಹಾಕಿ ಕಳಿಸಿದರು. ಭಾಷಣದಲ್ಲಿ ರಂಗಸ್ವಾಮಿಯವರು ನನ್ನ ಅಂಕೆಗಳು ಒಂದು ದಿನವೂ ತಪ್ಪಿರಲಿಲ್ಲ ಎಂದು ಹೊಗಳಿದರು.

ಮುಂದಿನ ವರ್ಷ ನಿತ್ಯಾಳ ಯಂತ್ರ ಬಂತು. ಅದಕ್ಕೆ ಭಾಸ್ಕರ್ ಯಾರೆಂದು ಗೊತ್ತಿಲ್ಲ. ದೊರೈ ಸಾರ್ ಆದೇಶವನ್ನು ಮೂಲೆಗೆ ಹಾಕಿ, ಅವನನ್ನು ಆದಷ್ಟು ಆಡಿಸಿ ನೋಡಿದರು, ಮೊಣಕಾಲು ಬಿಡಲಿಲ್ಲ. ಸೀಸನ್ ಮುಗಿದಾಗ ಸರಾಸರಿ ನಾಲ್ಕು, ಅಚ್ಚೊತ್ತಿದ ಹಾಗೆ. ಹೆಸರು ಹೋಯಿತು. ಅಷ್ಟರಲ್ಲಿ ಮಗಳ ಪರೀಕ್ಷೆ ಮುಗಿದಿತ್ತು. ಜೂನ್‌ನಲ್ಲಿ ಅವನನ್ನು ರಾಯಚೂರಿಗೆ ಹಾಕಿದರು. ಕರ್ನಾಟಕವೇ ಅಲ್ಲವೇನೋ, ನಿನ್ನ ಊರಿಗೇ ಕಳಿಸಿದರು ಎಂದು ಫೋನಿನಲ್ಲಿ ತಮಾಷೆ ಮಾಡಿದೆ. ಅಲ್ಲಿಯ ಗಿರಾಕಿಗಳು ಅವನ ಕನ್ನಡ ಕೇಳಿ ಕನಿಕರದಿಂದ ಹಿಂದಿಯಲ್ಲಿ ಮಾತಾಡುತ್ತಾರಂತೆ.

ಈ ಸಲ ಪೊಂಗಲ್‌ಗೆ ರಜೆ ಹಾಕಿ ಬಂದಿದ್ದ. ಬೆಳಿಗ್ಗೆ ಹತ್ತರ ಹೊತ್ತಿಗೆ ಪೆರಂಬೂರಿನ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಚೀಲ. ಕೋಯಂಬೇಡಿನಲ್ಲಿ ಮೂರು ಅಂಗಡಿ ಅಲೆದು ಸೊಗಡಿದ್ದದ್ದನ್ನೇ ಆರಿಸಿದ್ದನಂತೆ. ಕುಂಟುತ್ತ ಒಳಗೆ ಬಂದು ಕೂತ.

"ಇದು ಯಾಕೋ ಈಗ? ಚಾರ್ಟೂ ಇಲ್ಲ, ಪಟ್ಟಿಯೂ ಇಲ್ಲ."

"ಸುಮ್ಮಾ ಅಕ್ಕಾ," ಎಂದ. "ಅವಾಗ್ಲೂ ಸುಮ್ಮಾನೇ."

ಅವನು ಹೇಳಿದ್ದು ನಿಜವೋ, ನನ್ನ ಮನಸ್ಸಿಗೆ ಹಿತವಾಗಲಿ ಎಂದು ಹೇಳಿದ್ದೋ ಗೊತ್ತಿಲ್ಲ. ನಾನು ಕೇಳಲೂ ಇಲ್ಲ. ಕಾಫಿ ಮಾಡಿಕೊಟ್ಟೆ. ಆಮೇಲೆ ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಇಬ್ಬರೂ ಸುಲಿಯುತ್ತ ಕೂತೆವು. ಅವನು ರಾಯಚೂರಿನ ಬಿಸಿಲಿನ ಕಥೆ ಹೇಳಿದ, ಅಲ್ಲೊಂದು ಶಾಲೆಯ ಮಕ್ಕಳಿಗೆ ಸಂಜೆ ಫ್ರೀ ಥ್ರೋ ಕಲಿಸುತ್ತಿರುವ ಕಥೆ ಹೇಳಿದ. ಎಷ್ಟು ಹೊತ್ತು ಕೂತಿದ್ದೆವೋ ಹೇಳಲಾರೆ. ನಾನು ಗಡಿಯಾರ ನೋಡಲಿಲ್ಲ.